ದಮ್ಮಿದ್ದರೆ ವೇಗ: ಎಳೆಯ ಫುಟ್‌ಬಾಲ್ ಆಟಗಾರರ ಸ್ಪ್ರಿಂಟ್ ತಾಳಿಕೆ

ನೂರು ಮೀಟರ್ ಓಟಗಾರ ಒಮ್ಮೆ ಓಡಿ ಮುಗಿಸುತ್ತಾನೆ. ಫುಟ್‌ಬಾಲ್ ಆಟಗಾರನಿಗೆ ಆ ಅನುಕೂಲವಿಲ್ಲ. ಹತ್ತಿಪ್ಪತ್ತು ಮೀಟರ್ ಪೂರ್ತಿ ವೇಗದಲ್ಲಿ ನುಗ್ಗಿ, ಅರ್ಧ ನಿಮಿಷವೋ ಒಂದು ನಿಮಿಷವೋ ಸುಧಾರಿಸಿಕೊಂಡು, ಚೆಂಡು ಮತ್ತೆ ತನ್ನತ್ತ ಬಂದೊಡನೆ ಅದೇ ವೇಗದಲ್ಲಿ ಅವನು ಮತ್ತೆ ಓಡಬೇಕು. ಹೀಗೆ ವೇಗದ ಓಟವನ್ನು ಹೆಚ್ಚು ಕುಂದದಂತೆ ಮತ್ತೆ ಮತ್ತೆ ಓಡಬಲ್ಲ ಶಕ್ತಿಯೇ ಸ್ಪ್ರಿಂಟ್ ತಾಳಿಕೆ. ಹೃದಯ, ಶ್ವಾಸಕೋಶ, ರಕ್ತ ಮತ್ತು ಸ್ನಾಯುಗಳು ಒಟ್ಟಾಗಿ ಆಮ್ಲಜನಕವನ್ನು ಬಳಸಿಕೊಂಡು ಬಹುಹೊತ್ತು ದುಡಿಯಬಲ್ಲ ಶಕ್ತಿಗೆ ಏರೋಬಿಕ್ ಕ್ಷಮತೆ ಎಂದು ಹೆಸರು. ಮೈದಾನದಲ್ಲಿ ಅದನ್ನೇ ದಮ್ಮು ಎನ್ನುತ್ತಾರೆ, ಸ್ಟ್ಯಾಮಿನಾ ಎನ್ನುತ್ತಾರೆ. ಮೊದಲನೆಯ ಶಕ್ತಿ ಬಹುಮಟ್ಟಿಗೆ ಎರಡನೆಯದನ್ನು ನೆಚ್ಚಿಕೊಂಡಿದೆ. ಮಕ್ಕಳ ತರಬೇತಿಯನ್ನು ಯೋಜಿಸುವವರು ಮೊದಲು ತಿಳಿಯಬೇಕಾದ ಸಂಗತಿ ಇದು.

ದಕ್ಷಿಣ ಬೆಂಗಳೂರಿನ ಮಟ್ಟಿಗೆ

ಬೆಂಗಳೂರಿನ ಫುಟ್‌ಬಾಲ್ ಬೆಳೆದದ್ದು ಹೆಚ್ಚಾಗಿ ದಂಡು ಪ್ರದೇಶದ ಆಸುಪಾಸಿನಲ್ಲಿ. ಆಸ್ಟಿನ್ ಟೌನ್, ಮರ್ಫಿ ಟೌನ್, ಹಲಸೂರಿನ ಗೌತಮಪುರ ಇವು ಆ ಆಟದ ಹಳೆಯ ನೆಲೆಗಳು. ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ. 1948 ಮತ್ತು 1952ರ ಒಲಿಂಪಿಕ್ಸ್‌ಗಳಲ್ಲಿ ಭಾರತದ ಪರ ಆಡಿದ ಅಹ್ಮದ್ ಖಾನ್ ಬೆಂಗಳೂರಿನವರು. ಹಿಂದಿನ ಮೈಸೂರು ರಾಜ್ಯ 1968–69ರಲ್ಲಿ ಸಂತೋಷ್ ಟ್ರೋಫಿ ಗೆದ್ದ ಮೇಲೆ ಕರ್ನಾಟಕ ಆ ಪ್ರಶಸ್ತಿಗಾಗಿ 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ರಾಜ್ಯ ತಂಡ ಅದನ್ನು ಮರಳಿ ಪಡೆಯಿತು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ವರ್ಷವೇ ಐ–ಲೀಗ್ ಗೆದ್ದು, 2018–19ರಲ್ಲಿ ಇಂಡಿಯನ್ ಸೂಪರ್ ಲೀಗ್ ಪ್ರಶಸ್ತಿಯನ್ನೂ ಪಡೆದ ಮೇಲೆ, ಕ್ರಿಕೆಟ್ಟನ್ನೇ ಉಸಿರಾಡುತ್ತಿದ್ದ ಬಡಾವಣೆಗಳ ಮಕ್ಕಳೂ ಕಾಲ್ಚೆಂಡಿನತ್ತ ತಿರುಗಿದರು.

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಡಾವಣೆಗಳಲ್ಲಿ ಇಂದು ಫುಟ್‌ಬಾಲ್ ಕಲಿಯುವ ಮಗು ಬಹುತೇಕ ಅಭ್ಯಾಸ ಮಾಡುವುದು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ, ಸುತ್ತ ಬಲೆ ಕಟ್ಟಿದ ಕೃತಕ ಹುಲ್ಲಿನ ಟರ್ಫ್‌ನಲ್ಲಿ. ಕೆಲವು ಟರ್ಫ್‌ಗಳು ಕಟ್ಟಡದ ಮಹಡಿಯ ಮೇಲೂ ಇವೆ. ಅಂತರರಾಷ್ಟ್ರೀಯ ಪಂದ್ಯದ ಮೈದಾನ 100ರಿಂದ 110 ಮೀಟರ್ ಉದ್ದವಿರುತ್ತದೆ. ಐದೈದು ಮಂದಿ ಆಡುವ ಟರ್ಫ್ ಅದರ ಅರ್ಧದಷ್ಟೂ ಇರುವುದಿಲ್ಲ. ದಮ್ಮು ಬೆಳೆಸುವುದಕ್ಕೆ ಈ ಇಕ್ಕಟ್ಟು ಅನುಕೂಲವೇ ಆಗುತ್ತದೆ. ಪೂರ್ತಿ ವೇಗ ಬೆಳೆಸುವುದಕ್ಕೆ ಮಾತ್ರ ಅದು ಸಾಲದು. ಹೀಗೇಕೆ ಎಂಬುದನ್ನು ತಿಳಿಯಲು ಪಂದ್ಯದಲ್ಲಿ ದೇಹ ಏನು ಮಾಡುತ್ತದೆಂದು ನೋಡಬೇಕು.

ಪಂದ್ಯ ಕೇಳುವ ಶ್ರಮ

ವಯಸ್ಕರ ಉನ್ನತ ಮಟ್ಟದ ಪಂದ್ಯದಲ್ಲಿ ಒಬ್ಬ ಆಟಗಾರ 90 ನಿಮಿಷಗಳಲ್ಲಿ 10ರಿಂದ 13 ಕಿಲೋಮೀಟರ್ ಕ್ರಮಿಸುತ್ತಾನೆ. ಗೋಲ್‌ಕೀಪರ್ ಇದಕ್ಕೆ ಹೊರತು. ಹದಿಹರೆಯದವರ ಪಂದ್ಯ ಚಿಕ್ಕದು, ಅವರ ದೂರವೂ ಅದಕ್ಕೆ ತಕ್ಕಂತೆ ಕಡಿಮೆ. ಈ ದೂರದಲ್ಲಿ ಹೆಚ್ಚಿನ ಪಾಲು ನಡಿಗೆ ಮತ್ತು ನಿಧಾನದ ಓಟ. ಪೂರ್ತಿ ವೇಗದ ಓಟ ಹತ್ತರಲ್ಲಿ ಒಂದು ಪಾಲನ್ನು ಮೀರುವುದು ಅಪರೂಪ. ಒಂದೊಂದು ಸ್ಪ್ರಿಂಟ್ ಸಾಮಾನ್ಯವಾಗಿ ಎರಡರಿಂದ ನಾಲ್ಕು ಸೆಕೆಂಡ್ ಹಿಡಿಯುತ್ತದೆ, ಬಹಳಷ್ಟು ಓಟಗಳು 20 ಮೀಟರಿನೊಳಗೇ ಮುಗಿಯುತ್ತವೆ. ಆದರೂ ಪಂದ್ಯದುದ್ದಕ್ಕೂ ಹೃದಯಬಡಿತದ ಸರಾಸರಿ ಗರಿಷ್ಠ ಮಿತಿಯ 80ರಿಂದ 90 ಶೇಕಡಾದಲ್ಲಿರುತ್ತದೆ. ಒಟ್ಟು ಶಕ್ತಿಯ ಸುಮಾರು ಶೇ. 90ರಷ್ಟು ಆಮ್ಲಜನಕ ಬಳಸುವ ದಾರಿಯಿಂದಲೇ ಬರುತ್ತದೆ. ಗೋಲು ಹುಟ್ಟುವುದು ಉಳಿದ ಆ ಚಿಕ್ಕ ಪಾಲಿನಲ್ಲಿ, ಎದುರಾಳಿಗಿಂತ ಅರ್ಧ ಹೆಜ್ಜೆ ಮುಂದೆ ತಲುಪಿದಾಗ. ಆ ಅರ್ಧ ಹೆಜ್ಜೆ ಪಂದ್ಯದ ಹತ್ತನೆಯ ನಿಮಿಷದಲ್ಲಿ ಬಹಳ ಮಂದಿಗೆ ಸಿಗುತ್ತದೆ, ಕೊನೆಯ ಹತ್ತು ನಿಮಿಷಗಳಲ್ಲಿ ದಮ್ಮಿದ್ದವರಿಗಷ್ಟೇ.

ಸ್ನಾಯುವಿನೊಳಗಿನ ಲೆಕ್ಕ

ಸ್ನಾಯು ಕುಗ್ಗಲು ಬೇಕಾದ ಶಕ್ತಿ ಎಟಿಪಿ ಎಂಬ ಅಣುವಿನಿಂದ ಬರುತ್ತದೆ. ಸ್ನಾಯುವಿನಲ್ಲಿ ಇದರ ದಾಸ್ತಾನು ಕೆಲವೇ ಸೆಕೆಂಡಿಗೆ ಸಾಲುವಷ್ಟು. ಖರ್ಚಾದೊಡನೆ ಅದನ್ನು ಮತ್ತೆ ತಯಾರಿಸಲು ಮೂರು ದಾರಿಗಳಿವೆ. ಮೊದಲನೆಯದು ಕ್ರಿಯಾಟಿನ್ ಫಾಸ್ಫೇಟ್: ತಕ್ಷಣ ಒದಗುತ್ತದೆ, ಬೇಗ ಬರಿದಾಗುತ್ತದೆ. ಎರಡನೆಯದು ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜನ್ನನ್ನು ಆಮ್ಲಜನಕದ ನೆರವಿಲ್ಲದೆ ಒಡೆಯುವ ದಾರಿ: ಇದೂ ಚುರುಕು, ಆದರೆ ಸ್ನಾಯುವಿನಲ್ಲಿ ಆಮ್ಲೀಯತೆ ಏರುತ್ತದೆ, ಲ್ಯಾಕ್ಟೇಟ್ ಸೇರುತ್ತದೆ. ಮೂರನೆಯದು ಜೀವಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದೊಳಗೆ ಆಮ್ಲಜನಕ ಬಳಸುವ ದಾರಿ: ನಿಧಾನ, ಆದರೆ ಬಹುಹೊತ್ತು ನಡೆಯುತ್ತದೆ.

ಆರು ಸೆಕೆಂಡಿನ ಒಂದೇ ಒಂದು ಸ್ಪ್ರಿಂಟಿನಲ್ಲಿ ಶಕ್ತಿಯ ಅರ್ಧದಷ್ಟು ಕ್ರಿಯಾಟಿನ್ ಫಾಸ್ಫೇಟ್‌ನಿಂದ ಬರುತ್ತದೆ. ಉಳಿದುದರಲ್ಲಿ ಬಹುಪಾಲು ಗ್ಲೈಕೋಜನ್ ಒಡೆಯುವುದರಿಂದ. ಆಮ್ಲಜನಕದ ಪಾತ್ರ ಅಲ್ಲಿ ಹತ್ತನೆಯ ಒಂದು ಪಾಲಿಗಿಂತ ಕಡಿಮೆ. ಆದರೆ ಅರ್ಧ ನಿಮಿಷದ ಬಿಡುವು ಕೊಟ್ಟು ಅದೇ ಸ್ಪ್ರಿಂಟನ್ನು ಹತ್ತು ಸಲ ಓಡಿಸಿದರೆ ಚಿತ್ರ ಬದಲಾಗುತ್ತದೆ. ಗ್ಲೈಕೋಜನ್ ಒಡೆಯುವ ದಾರಿ ಸಲದಿಂದ ಸಲಕ್ಕೆ ಸೊರಗುತ್ತದೆ. ದೇಹ ಆಗ ಕ್ರಿಯಾಟಿನ್ ಫಾಸ್ಫೇಟ್ ಮತ್ತು ಆಮ್ಲಜನಕದ ಮೇಲೆ ಹೆಚ್ಚು ಹೆಚ್ಚು ಭಾರ ಹಾಕುತ್ತದೆ.

ಇಲ್ಲಿಯೇ ದಮ್ಮಿನ ಮಹತ್ವ ತಿಳಿಯುವುದು. ಖಾಲಿಯಾದ ಕ್ರಿಯಾಟಿನ್ ಫಾಸ್ಫೇಟ್ ಮತ್ತೆ ತುಂಬಲು ಆಮ್ಲಜನಕ ಬೇಕೇ ಬೇಕು. ಪಟ್ಟಿ ಬಿಗಿದು ಕಾಲಿಗೆ ರಕ್ತ ಹರಿಯದಂತೆ ತಡೆದರೆ ಅದು ತುಂಬುವುದೇ ಇಲ್ಲವೆಂದು ಪ್ರಯೋಗಗಳು ತೋರಿಸಿವೆ. ಸಾಮಾನ್ಯ ಸ್ಥಿತಿಯಲ್ಲಿ ಅರ್ಧ ಭಾಗ ಒಂದು ನಿಮಿಷದೊಳಗೆ ತುಂಬುತ್ತದೆ, ಪೂರ್ತಿ ತುಂಬಲು ಮೂರರಿಂದ ಐದು ನಿಮಿಷ ಹಿಡಿಯಬಹುದು. ಪಂದ್ಯ ಅಷ್ಟು ಹೊತ್ತು ಕಾಯುವುದಿಲ್ಲ. ಆದ್ದರಿಂದ ರಕ್ತನಾಳಗಳ ಜಾಲ ದಟ್ಟವಾಗಿರುವ, ಮೈಟೊಕಾಂಡ್ರಿಯ ಹೆಚ್ಚಿರುವ ಕಾಲು ಅದೇ ಮೂವತ್ತು ಸೆಕೆಂಡಿನಲ್ಲಿ ಹೆಚ್ಚು ಸುಧಾರಿಸಿಕೊಳ್ಳುತ್ತದೆ. ಸ್ಪ್ರಿಂಟ್ ನಡೆಯುವಾಗ ಆಮ್ಲಜನಕದ ಪಾತ್ರ ಸಣ್ಣದು, ಎರಡು ಸ್ಪ್ರಿಂಟ್‌ಗಳ ನಡುವಿನ ಚೇತರಿಕೆಯಲ್ಲಿ ಅದರದೇ ಮುಖ್ಯ ಪಾತ್ರ.

ಹಾಗೆಂದು ದಮ್ಮೊಂದೇ ಸಾಲದು. ನರಗಳ ಚುರುಕು, ಕಾಲಿನ ಬಲ, ಮೂಲ ವೇಗ ಇವೂ ಬೇಕು. ದಮ್ಮು ಹೆಚ್ಚಿದ್ದವರೆಲ್ಲ ಸ್ಪ್ರಿಂಟ್ ತಾಳಿಕೆಯಲ್ಲೂ ಮುಂದಿರುತ್ತಾರೆಂಬ ನಿಯಮವಿಲ್ಲ. ಅಳೆದು ನೋಡಿದಾಗ ಇವೆರಡರ ನಂಟು ಮಧ್ಯಮ ಪ್ರಮಾಣದ್ದೆಂದೇ ಕಂಡುಬಂದಿದೆ.

ನಾರ್ವೆಯ ಹುಡುಗರು ತೋರಿಸಿಕೊಟ್ಟದ್ದು

ಈ ವಿಷಯದಲ್ಲಿ ಹೆಚ್ಚು ಉಲ್ಲೇಖಗೊಳ್ಳುವ ಅಧ್ಯಯನ ನಾರ್ವೆಯದು. ಯಾನ್ ಹೆಲ್ಗೆರುಡ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಈ ಕೆಲಸದಲ್ಲಿ ಸುಮಾರು 18 ವಯಸ್ಸಿನ ಆಟಗಾರರು ಎಂಟು ವಾರ, ವಾರಕ್ಕೆರಡು ಸಲ, ಮಾಮೂಲಿ ಅಭ್ಯಾಸದ ಜೊತೆಗೆ ಒಂದು ವಿಶೇಷ ಓಟ ಓಡಿದರು. ನಾಲ್ಕು ನಿಮಿಷ ಗರಿಷ್ಠ ಹೃದಯಬಡಿತದ 90–95 ಶೇಕಡಾದಲ್ಲಿ ಓಟ, ಮೂರು ನಿಮಿಷ ನಿಧಾನದ ಓಟ. ಹೀಗೆ ನಾಲ್ಕು ಸುತ್ತು. ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ, ಅಂದರೆ ವಿಒ2 ಮ್ಯಾಕ್ಸ್, ಪ್ರತಿ ಕಿಲೋ ತೂಕಕ್ಕೆ ನಿಮಿಷಕ್ಕೆ 58.1 ಮಿಲಿಲೀಟರ್‌ನಿಂದ 64.3ಕ್ಕೆ ಏರಿತು. ಪಂದ್ಯದಲ್ಲಿ ಕ್ರಮಿಸಿದ ದೂರ ಶೇ. 20ರಷ್ಟು ಹೆಚ್ಚಿತು, ಸ್ಪ್ರಿಂಟ್‌ಗಳ ಸಂಖ್ಯೆ ಇಮ್ಮಡಿಯಾಯಿತು, ಚೆಂಡಿನೊಂದಿಗಿನ ಒಡನಾಟ ಶೇ. 24ರಷ್ಟು ಬೆಳೆಯಿತು. ಅವರ ಒಂಟಿ ಸ್ಪ್ರಿಂಟಿನ ವೇಗ ಮಾತ್ರ ಬದಲಾಗಲಿಲ್ಲ. ಅವರಲ್ಲಿದ್ದ ವೇಗ ಅಷ್ಟೇ ಇತ್ತು, ಅದನ್ನು ಬಳಸುವ ಅವಕಾಶಗಳು ಹೆಚ್ಚಿದವು.

ಬರಿಯ ಓಟದ ಬದಲು ಚೆಂಡಿನೊಡನೆಯೇ ಈ ಫಲ ಪಡೆಯಬಹುದೇ ಎಂಬ ಪ್ರಶ್ನೆಗೂ ಉತ್ತರ ಸಿಕ್ಕಿದೆ. ಇಟಲಿಯ ಕಿರಿಯ ಆಟಗಾರರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಗುಂಪು ನಾಲ್ಕು–ನಾಲ್ಕು ನಿಮಿಷದ ಓಟ ಓಡಿತು, ಇನ್ನೊಂದು ಅಷ್ಟೇ ಹೊತ್ತು ಚಿಕ್ಕ ಅಂಗಳದಲ್ಲಿ ಕಡಿಮೆ ಮಂದಿಯ ಪಂದ್ಯ ಆಡಿತು. ಎರಡೂ ಗುಂಪುಗಳ ದಮ್ಮು ಹೆಚ್ಚುಕಡಿಮೆ ಸಮನಾಗಿ ಏರಿತು.

ಇಕ್ಕಟ್ಟಾದ ಟರ್ಫ್‌ನ ಉಪಯೋಗ

ಟರ್ಫ್‌ನ ಬೆಲೆ ಇಲ್ಲಿ ಗೊತ್ತಾಗುತ್ತದೆ. ಮೂವರ ಎದುರು ಮೂವರು ಅಥವಾ ನಾಲ್ವರ ಎದುರು ನಾಲ್ವರು ನಾಲ್ಕು ನಿಮಿಷ ಬಿಡದೆ ಆಡಿದರೆ ಯಾರೂ ನಿಂತು ನೋಡುವಂತಿಲ್ಲ. ಪಾಸ್ ಕೊಟ್ಟವನು ಆ ಕ್ಷಣವೇ ಜಾಗ ಹುಡುಕಬೇಕು, ಚೆಂಡು ಕಳೆದುಕೊಂಡವನು ಆ ಕ್ಷಣವೇ ಹಿಂದೆ ಓಡಬೇಕು. ಹೃದಯಬಡಿತ ತಾನಾಗಿ ಗರಿಷ್ಠದ ಶೇ. 90ರ ಆಸುಪಾಸಿಗೆ ಹೋಗುತ್ತದೆ. ಮೂರು ನಿಮಿಷದ ನಡಿಗೆ ಇಲ್ಲವೇ ಹಗುರಾದ ಪಾಸಿಂಗ್, ಮತ್ತೆ ನಾಲ್ಕು ನಿಮಿಷದ ಆಟ. ನಾಲ್ಕು ಸುತ್ತು ಮುಗಿದಾಗ ಅರ್ಧ ಗಂಟೆಯೂ ಆಗಿರುವುದಿಲ್ಲ.

ಇದು ಫಲ ಕೊಡಬೇಕಾದರೆ ಕೆಲವು ಎಚ್ಚರಗಳು ಬೇಕು. ಚೆಂಡು ಹೊರಗೆ ಹೋದೊಡನೆ ಕೋಚ್ ಇನ್ನೊಂದು ಚೆಂಡನ್ನು ಒಳಗೆ ಬಿಡಬೇಕು. ಇಲ್ಲವಾದರೆ ನಾಲ್ಕು ನಿಮಿಷದಲ್ಲಿ ಒಂದೂವರೆ ನಿಮಿಷ ಚೆಂಡು ತರುವುದರಲ್ಲೇ ಹೋಗುತ್ತದೆ. ಒಂದು ಬದಿಗೆ ಏಳೆಂಟು ಮಂದಿ ತುಂಬಿದರೆ ತೀವ್ರತೆ ಇಳಿಯುತ್ತದೆ. ಹೆಚ್ಚು ಮಕ್ಕಳಿದ್ದರೆ ಅಂಗಳವನ್ನೇ ಎರಡು ಭಾಗ ಮಾಡುವುದು ಮೇಲು. ಹೃದಯಬಡಿತ ಅಳೆಯುವ ಉಪಕರಣ ಇಲ್ಲದಿದ್ದರೂ ಚಿಂತೆಯಿಲ್ಲ. ಸುತ್ತು ಮುಗಿದ ತಕ್ಷಣ ಕತ್ತಿನ ನಾಡಿಯನ್ನು ಹತ್ತು ಸೆಕೆಂಡ್ ಎಣಿಸಿದರೆ ಸಾಕು. ಹದಿನೈದರ ಮಗುವಿನ ಗರಿಷ್ಠ ಹೃದಯಬಡಿತ ಸರಿಸುಮಾರು 198. ಹತ್ತು ಸೆಕೆಂಡಿನಲ್ಲಿ 30 ಬಡಿತ ಸಿಕ್ಕರೆ ನಿಮಿಷಕ್ಕೆ 180, ಅಂದರೆ ಗರಿಷ್ಠದ ಸುಮಾರು ಶೇ. 91.

ಮೈದಾನದ ಸುತ್ತ ಇಪ್ಪತ್ತು ನಿಮಿಷ ಮಕ್ಕಳನ್ನು ಒಂದೇ ವೇಗದಲ್ಲಿ ಓಡಿಸುವ ರೂಢಿ ಇನ್ನೂ ಹಲವೆಡೆ ಉಳಿದಿದೆ. ಅದರಿಂದ ಕೆಡುಕೇನೂ ಇಲ್ಲ, ಆದರೆ ಅದೇ ಹೊತ್ತಿನಲ್ಲಿ ಚೆಂಡಿನ ಆಟ ದಮ್ಮಿನ ಜೊತೆಗೆ ಕೌಶಲವನ್ನೂ ಕೊಡುತ್ತದೆ. ವಾರಕ್ಕೆ ಮೂರು ಗಂಟೆ ಮಾತ್ರ ಟರ್ಫ್ ಸಿಗುವ ಮಗುವಿಗೆ ಈ ವ್ಯತ್ಯಾಸ ದೊಡ್ಡದು.

ವೇಗಕ್ಕೆ ಬಯಲೇ ಬೇಕು

ಟರ್ಫ್ ಕೊಡಲಾರದ್ದು ಉದ್ದನೆಯ ನೇರ ಓಟ. ನಿಂತಲ್ಲಿಂದ ಚಿಮ್ಮುವ ಮೊದಲ ಹತ್ತು ಮೀಟರ್ ಅಲ್ಲಿ ಚೆನ್ನಾಗಿ ಅಭ್ಯಾಸವಾಗುತ್ತದೆ. ಗರಿಷ್ಠ ವೇಗ ಮುಟ್ಟಲು ಮೂವತ್ತು, ನಲವತ್ತು ಮೀಟರ್ ಬೇಕು, ಓಡಿದ ಮೇಲೆ ನಿಧಾನಿಸಲು ಇನ್ನಷ್ಟು ಜಾಗ ಬೇಕು. ಬಲೆಯ ಮುಂದೆ ಗಕ್ಕನೆ ನಿಲ್ಲಬೇಕಾದ ಮಗು ಎಂದೂ ಪೂರ್ತಿ ವೇಗದಲ್ಲಿ ಓಡುವುದೇ ಇಲ್ಲ. ಹೀಗೆ ಬೆಳೆದವನು ಒಂದು ದಿನ ದೊಡ್ಡ ಮೈದಾನದ ಪಂದ್ಯದಲ್ಲಿ ವಿಂಗ್‌ನುದ್ದಕ್ಕೂ ಓಡಿದಾಗ ತೊಡೆಯ ಹಿಂಭಾಗದ ಸ್ನಾಯು ಸೆಳೆಯುವ ಸಂಭವ ಹೆಚ್ಚು.

ಆದ್ದರಿಂದ ವಾರಕ್ಕೆ ಒಂದು ಸಲವಾದರೂ ಬಯಲಿಗೆ ಹೋಗಬೇಕು. ದಕ್ಷಿಣ ಬೆಂಗಳೂರಿನಲ್ಲಿ ಅಂಥ ಜಾಗ ತೀರಿಹೋಗಿಲ್ಲ. 1948ರಲ್ಲಿ ರೂಪುಗೊಂಡ ಜಯನಗರದಲ್ಲಿ ಬ್ಲಾಕ್‌ಗಳ ನಡುವೆ ಉದ್ಯಾನ, ಆಟದ ಬಯಲುಗಳಿಗೆ ಜಾಗ ಬಿಟ್ಟಿದ್ದಾರೆ. ಶಾಲಿನಿ ಮೈದಾನ, ಕಿತ್ತೂರು ರಾಣಿ ಚೆನ್ನಮ್ಮ ಕ್ರೀಡಾಂಗಣ, ಪಕ್ಕದ ಬಸವನಗುಡಿಯ ನ್ಯಾಷನಲ್ ಕಾಲೇಜು ಮೈದಾನ ಇವೆ. ಶಾಲೆ–ಕಾಲೇಜುಗಳ ಅಂಗಳಗಳೂ ಬೆಳಗಿನ ಹೊತ್ತು ಈ ಕೆಲಸಕ್ಕೆ ಒದಗಬಹುದು.

ಶುದ್ಧ ವೇಗದ ಅಭ್ಯಾಸದಲ್ಲಿ ಬಿಡುವೇ ಮುಖ್ಯ. ಹತ್ತು ಮೀಟರಿಗೆ ಸುಮಾರು ಒಂದು ನಿಮಿಷದ ಲೆಕ್ಕದಲ್ಲಿ ವಿರಾಮ ಕೊಟ್ಟು, ಇಪ್ಪತ್ತರಿಂದ ಮೂವತ್ತು ಮೀಟರಿನ ಆರರಿಂದ ಎಂಟು ಓಟ ಸಾಕು. ಏದುಸಿರು ಬಿಡುತ್ತಿರುವಾಗ ಓಡಿಸಿದರೆ ಅದು ವೇಗದ ಅಭ್ಯಾಸವಾಗಿ ಉಳಿಯುವುದಿಲ್ಲ. ಸ್ಪ್ರಿಂಟ್ ತಾಳಿಕೆಯ ಅಭ್ಯಾಸ ಬೇರೆಯೇ. ಇಪ್ಪತ್ತು ಮೀಟರ್ ಹೋಗಿ ತಿರುಗಿ ಇಪ್ಪತ್ತು ಮೀಟರ್ ಬರುವ ಆರು ಓಟಗಳು, ನಡುವೆ 20 ಸೆಕೆಂಡ್ ಬಿಡುವು, ಇದು ಒಂದು ಸರಣಿ. ನಾಲ್ಕು ನಿಮಿಷ ವಿಶ್ರಾಂತಿ ಪಡೆದು ಇಂಥ ಮೂರು ಸರಣಿ ಓಡಿದ ಆಟಗಾರರ ಸ್ಪ್ರಿಂಟ್ ತಾಳಿಕೆ ಏಳು ವಾರಗಳಲ್ಲಿ, ಬರಿಯ ನಾಲ್ಕು ನಿಮಿಷದ ಸುತ್ತುಗಳನ್ನು ಓಡಿದವರಿಗಿಂತ ಹೆಚ್ಚು ಸುಧಾರಿಸಿತೆಂದು 2008ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಹದಿನೈದು, ಹದಿನಾರರವರಿಗೆ ಒಂದು ಸರಣಿಯಿಂದ ಆರಂಭಿಸಿ ನಿಧಾನವಾಗಿ ಏರಿಸುವುದು ಕ್ಷೇಮ.

ಮಕ್ಕಳ ದೇಹ ಬೇರೆ

ಮಕ್ಕಳನ್ನು ಚಿಕ್ಕ ಗಾತ್ರದ ವಯಸ್ಕರೆಂದು ಎಣಿಸಿದರೆ ತರಬೇತಿ ದಾರಿ ತಪ್ಪುತ್ತದೆ. ಹನ್ನೆರಡರೊಳಗಿನ ಮಗುವಿನಲ್ಲಿ ಗ್ಲೈಕೋಜನ್ ಒಡೆಯುವ ದಾರಿ ಇನ್ನೂ ಬಲಿತಿರುವುದಿಲ್ಲ, ಕ್ರಿಯಾಟಿನ್ ಫಾಸ್ಫೇಟ್ ಬೇಗ ತುಂಬುತ್ತದೆ. ಆದ್ದರಿಂದ ಮಕ್ಕಳು ಓಡಿ, ಕೂತು, ಮರುಕ್ಷಣ ಎದ್ದು ಮತ್ತೆ ಓಡಬಲ್ಲರು. ಈ ವಯಸ್ಸಿಗೆ ಪ್ರತ್ಯೇಕ ದಮ್ಮಿನ ತರಬೇತಿ ಬೇಕಿಲ್ಲ. ಕಡಿಮೆ ಮಂದಿಯ ಪಂದ್ಯಗಳು, ಮುಟ್ಟಾಟ, ಕುಂಟೆಬಿಲ್ಲೆ, ಖೊ–ಖೊ ಇವೇ ಸಾಕಷ್ಟು. ತಟ್ಟನೆ ಏಳುವುದು, ದಿಕ್ಕು ಬದಲಿಸುವುದು ಖೊ–ಖೊದಲ್ಲಿ ತಾನಾಗಿ ಕಲಿಕೆಯಾಗುತ್ತದೆ.

ಹುಡುಗಿಯರಲ್ಲಿ ಹನ್ನೆರಡರ ಸುಮಾರಿಗೆ, ಹುಡುಗರಲ್ಲಿ ಹದಿನಾಲ್ಕರ ಸುಮಾರಿಗೆ ಎತ್ತರ ಅತಿ ವೇಗವಾಗಿ ಏರುತ್ತದೆ. ಎಲುಬು ಮೊದಲು ಬೆಳೆದು ಸ್ನಾಯು ಹಿಂದೆ ಬೀಳುವ ಈ ಕಾಲದಲ್ಲಿ ಮಂಡಿಚಿಪ್ಪಿನ ಕೆಳಗೆ, ಹಿಮ್ಮಡಿಯಲ್ಲಿ ನೋವು ಸಾಮಾನ್ಯ. ಓಟದ ಲಯವೂ ಕೆಲಕಾಲ ತಪ್ಪಬಹುದು. ಆ ಹೊತ್ತಿನಲ್ಲಿ ಓಟದ ಪ್ರಮಾಣ ತಗ್ಗಿಸಿ, ಬಲ ಮತ್ತು ಸಮತೋಲನದ ವ್ಯಾಯಾಮ ಹೆಚ್ಚಿಸಬೇಕು. ಒಂದೇ ತಂಡದ ಹದಿಮೂರರ ಇಬ್ಬರು ಹುಡುಗರಲ್ಲಿ ಒಬ್ಬ ಮೀಸೆ ಮೂಡಿದವನೂ ಇನ್ನೊಬ್ಬ ಇನ್ನೂ ಎಳಸೂ ಆಗಿರಬಹುದು. ತಡವಾಗಿ ಬೆಳೆಯುವವನನ್ನು ನಿಧಾನಿ ಎಂದು ತಂಡದಿಂದ ಬಿಡುವುದು ಆಯ್ಕೆದಾರರು ಮಾಡುವ ದೊಡ್ಡ ತಪ್ಪು. ನಾಲ್ಕು ಸುತ್ತಿನ ಓಟ, ಪೂರ್ಣ ತೀವ್ರತೆಯ ಸ್ಪ್ರಿಂಟ್ ಸರಣಿ ಇವೆಲ್ಲ ಹದಿನೈದರಿಂದ ಮುಂದಕ್ಕೆ ಸರಿಯಾಗಿ ಹೊಂದುತ್ತವೆ.

ಅಳೆಯುವ ಬಗೆ

ಕ್ರಿಕೆಟ್ ಓದುಗರಿಗೆ ಯೋ–ಯೋ ಪರೀಕ್ಷೆ ಪರಿಚಿತ. 2017ರ ಸುಮಾರಿಗೆ ಭಾರತ ತಂಡದ ಆಯ್ಕೆಗೆ 16.1 ಎಂಬ ಗಡಿ ಇಟ್ಟಾಗ ಆ ಹೆಸರು ಮನೆಮಾತಾಯಿತು. ಆದರೆ ಅದನ್ನು ರೂಪಿಸಿದವರು ಡೆನ್ಮಾರ್ಕ್‌ನ ಫುಟ್‌ಬಾಲ್ ವಿಜ್ಞಾನಿ ಯೆನ್ಸ್ ಬ್ಯಾಂಗ್ಸ್‌ಬೊ. ಇಪ್ಪತ್ತು ಮೀಟರ್ ಹೋಗಿ ಬಂದು, ಹತ್ತು ಸೆಕೆಂಡ್ ಸುಧಾರಿಸಿಕೊಂಡು, ಗಂಟೆಗೆ 10 ಕಿಲೋಮೀಟರ್ ವೇಗದಿಂದ ಆರಂಭಿಸಿ ಬೀಪ್ ಸದ್ದಿಗೆ ತಕ್ಕಂತೆ ವೇಗ ಏರಿಸುತ್ತ ಹೋಗಬೇಕು. 16.1 ಎಂದರೆ ಒಟ್ಟು 1,120 ಮೀಟರ್. ವಿಶ್ವದ ಅಗ್ರ ಫುಟ್‌ಬಾಲ್ ಆಟಗಾರರು ಇದರ ಇಮ್ಮಡಿಗೂ ಹೆಚ್ಚು ಓಡುತ್ತಾರೆ. ಇಪ್ಪತ್ತು ಮೀಟರಿಗಿಂತ ಸ್ವಲ್ಪ ಹೆಚ್ಚು ಜಾಗ, ನಾಲ್ಕು ಕೋನ್, ಒಂದು ಫೋನ್ ಇದ್ದರೆ ಟರ್ಫ್‌ನಲ್ಲೂ ಇದನ್ನು ನಡೆಸಬಹುದು.

ಸ್ಪ್ರಿಂಟ್ ತಾಳಿಕೆಗೆ ಮೂವತ್ತು ಮೀಟರಿನ ಆರು ಓಟ, ನಡುವೆ 25 ಸೆಕೆಂಡ್ ಬಿಡುವು ಸಾಕು. ಒಬ್ಬನ ಸಮಯಗಳು 4.80, 4.85, 4.93, 5.02, 5.10, 5.14 ಸೆಕೆಂಡ್ ಎಂದಿಟ್ಟುಕೊಳ್ಳೋಣ. ಒಟ್ಟು 29.84. ಎಲ್ಲವನ್ನೂ ತನ್ನ ಅತ್ಯುತ್ತಮ ವೇಗದಲ್ಲೇ ಓಡಿದ್ದರೆ 28.80 ಆಗಬೇಕಿತ್ತು. ಕುಸಿತ ಶೇ. 3.6. ಈ ಸಂಖ್ಯೆಯೊಂದನ್ನೇ ನಂಬಬಾರದು. ಮೊದಲ ಓಟವನ್ನೇ ನಿಧಾನ ಓಡಿದವನ ಕುಸಿತ ಕಡಿಮೆಯಾಗಿಯೇ ಕಾಣುತ್ತದೆ. ಅತ್ಯುತ್ತಮ ಸಮಯ, ಒಟ್ಟು ಸಮಯ, ಕುಸಿತ ಮೂರನ್ನೂ ಒಟ್ಟಿಗೆ ನೋಡಬೇಕು. ಮಗುವನ್ನು ಪಕ್ಕದವನೊಡನೆ ಹೋಲಿಸದೆ, ಮೂರು ತಿಂಗಳ ಹಿಂದಿನ ಅವನ ಅಂಕಿಗಳೊಡನೆಯೇ ಹೋಲಿಸಬೇಕು.

ಊಟ, ರಕ್ತ, ನಿದ್ದೆ

ಆಮ್ಲಜನಕವನ್ನು ಹೊರುವುದು ರಕ್ತದ ಹಿಮೋಗ್ಲೋಬಿನ್, ಅದಕ್ಕೆ ಕಬ್ಬಿಣದ ಅಂಶ ಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ಶೇ. 59, ಹುಡುಗರಲ್ಲಿ ಶೇ. 31 ಮಂದಿಗೆ ರಕ್ತಹೀನತೆ ಇದೆ. ಇಂಥ ಮಗುವನ್ನು ಎಷ್ಟು ಓಡಿಸಿದರೂ ದಮ್ಮು ಬರುವುದು ಕಷ್ಟ. ಬೇಗ ಸುಸ್ತಾಗುವ ಆಟಗಾರ್ತಿಯನ್ನು ಸೋಮಾರಿ ಎನ್ನುವ ಮೊದಲು ರಕ್ತಪರೀಕ್ಷೆ ಮಾಡಿಸಬೇಕು. ಸೊಪ್ಪು, ಮೊಳಕೆ ಬರಿಸಿದ ಹೆಸರುಕಾಳು, ಹುರುಳಿ, ರಾಗಿ, ಮೊಟ್ಟೆ, ಮಾಂಸ ತಿನ್ನುವ ಮನೆಗಳಲ್ಲಿ ಮಾಂಸ ಒಳ್ಳೆಯದು. ಕೋಸಂಬರಿಗೆ ಹಿಂಡಿದ ನಿಂಬೆರಸ ಕಬ್ಬಿಣವನ್ನು ಮೈಗೆ ಹಿಡಿಸುತ್ತದೆ. ಊಟದ ಬೆನ್ನಿಗೇ ಕುಡಿಯುವ ಕಾಫಿ, ಟೀ ಅದಕ್ಕೆ ಅಡ್ಡಿ. ಅಭ್ಯಾಸದ ಎರಡು ಮೂರು ಗಂಟೆ ಮೊದಲು ಅನ್ನ, ಮುದ್ದೆ, ಚಪಾತಿಯಂಥ ಊಟವಾಗಿದ್ದರೆ ಗ್ಲೈಕೋಜನ್ ದಾಸ್ತಾನು ತುಂಬಿರುತ್ತದೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಹವೆ ವರ್ಷದ ಬಹುಕಾಲ ಹಿತವಾಗಿರುತ್ತದೆ. ಆದರೂ ಮಾರ್ಚ್, ಏಪ್ರಿಲ್ ಮಧ್ಯಾಹ್ನಗಳಲ್ಲಿ ಕೃತಕ ಹುಲ್ಲು ನೈಜ ಹುಲ್ಲಿಗಿಂತ ಬಹಳ ಬಿಸಿಯೇರುತ್ತದೆ. ಬೇಸಿಗೆ ಶಿಬಿರಗಳ ಕಠಿಣ ಓಟ ಬೆಳಗಿನ ಹೊತ್ತಿಗೆ ಮುಗಿಯುವುದು ಒಳ್ಳೆಯದು. ಹದಿಮೂರರಿಂದ ಹದಿನೆಂಟರವರಿಗೆ ರಾತ್ರಿ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ಶಾಲೆ, ಟ್ಯೂಷನ್ ಮುಗಿಸಿ ರಾತ್ರಿ ಒಂಬತ್ತರ ಟರ್ಫ್‌ಗೆ ಹೋಗಿ, ಬೆಳಗ್ಗೆ ಐದಕ್ಕೆ ಎದ್ದು ಓಡುವ ಮಗು ಗಳಿಸುವುದಕ್ಕಿಂತ ಕಳೆದುಕೊಳ್ಳುವುದೇ ಹೆಚ್ಚು. ಅಭ್ಯಾಸಕ್ಕೆ ಮೊದಲು ಫಿಫಾದ 11 ಪ್ಲಸ್ ವ್ಯಾಯಾಮಕ್ರಮವನ್ನು ಇಪ್ಪತ್ತು ನಿಮಿಷ ಮಾಡಿಸಿದರೆ ಗಾಯಗಳು ಗಣನೀಯವಾಗಿ ಇಳಿಯುತ್ತವೆ.

ಒಂದು ವಾರದ ಲೆಕ್ಕ

ಹದಿನೈದು ದಾಟಿದ, ಭಾನುವಾರ ಪಂದ್ಯವಿರುವ ಆಟಗಾರರಿಗೆ ವಾರ ಹೀಗಿರಬಹುದು. ಮಂಗಳವಾರ ಟರ್ಫ್‌ನಲ್ಲಿ ನಾಲ್ಕು ನಿಮಿಷದ ನಾಲ್ಕು ಸುತ್ತಿನ ಚಿಕ್ಕ ಪಂದ್ಯ. ಗುರುವಾರ ಬಯಲಿನಲ್ಲಿ ಮೊದಲು ಪೂರ್ಣ ಬಿಡುವಿನ ವೇಗದ ಓಟ, ಆಮೇಲೆ ಒಂದು ಸರಣಿ ಸ್ಪ್ರಿಂಟ್ ತಾಳಿಕೆ. ಶುಕ್ರವಾರ ಚೆಂಡಿನ ಕೌಶಲ, ಹಗುರ ಅಭ್ಯಾಸ. ಸೋಮವಾರ ಪೂರ್ತಿ ವಿಶ್ರಾಂತಿ. ಎಂಟು ವಾರ ಬಿಡದೆ ನಡೆಸಿದರೆ ವ್ಯತ್ಯಾಸ ಪಂದ್ಯದಲ್ಲೇ ಕಾಣುತ್ತದೆ.

ಇದಕ್ಕೆ ದುಬಾರಿ ಉಪಕರಣ ಬೇಕಿಲ್ಲ, ವಿದೇಶಿ ಕೋಚ್ ಬೇಕಿಲ್ಲ. ಬೇಕಾದದ್ದು ಟರ್ಫ್‌ನ ಒಂದು ಗಂಟೆಯನ್ನು ಅರಿತು ಬಳಸುವ ಕೋಚ್, ಮಗುವಿನ ಊಟ–ನಿದ್ದೆ ಕಾಯುವ ಮನೆ, ಮತ್ತು ನೇರವಾಗಿ ನಲವತ್ತು ಮೀಟರ್ ಓಡಲು ಒಂದು ಬಯಲು. ಮೊದಲ ಎರಡು ಕೋಚ್ ಮತ್ತು ಹೆತ್ತವರ ಕೈಯಲ್ಲಿವೆ. ಮೂರನೆಯದನ್ನು ಉಳಿಸುವುದು ಇಡೀ ಬಡಾವಣೆಯ ಹೊಣೆ. ಉಳಿದಿರುವ ಮೈದಾನಗಳನ್ನು ವಾಹನ ನಿಲುಗಡೆಗೂ ಮೇಳಗಳಿಗೂ ಬಿಟ್ಟುಕೊಡದೆ, ಬೆಳಗ್ಗೆ ಸಂಜೆ ಮಕ್ಕಳಿಗೆ ತೆರೆದಿಡುವಂತೆ ನಾಗರಿಕರು ಒತ್ತಾಯಿಸಬೇಕು.